ಸ್ಪ್ರಿಂಗ್ ಏರ್‌ಗನ್ ರಿಪೇರಿ ಮತ್ತು ಟ್ಯೂನಿಂಗ್: ಸ್ಕ್ರೂನಿಂದ ಶುರು, ಸ್ಪ್ರಿಂಗ್ ಕೊನೆಗೆ

ಏರ್‌ಗನ್ ಗುರಿಗೆ ಬೀಳುತ್ತಿಲ್ಲ, ಹೊಡೆತ ಸಪ್ಪೆಯಾಗಿದೆ ಅಂದ ಕೂಡಲೇ ಬಹಳ ಮಂದಿ ಮಾಡುವ ಮೊದಲ ಕೆಲಸ ಹೊಸ ಸ್ಪ್ರಿಂಗ್ ತರಿಸುವುದು. ಅದನ್ನು ಹೇಗೋ ಒತ್ತಿ ತುರುಕುತ್ತಾರೆ, ಒಳಗೆ ಕೈಗೆ ಸಿಕ್ಕ ಎಣ್ಣೆ ಸುರಿಯುತ್ತಾರೆ. ಎರಡು ದಿನ ಢಂ ಢಂ ಅಂತ ಹೊಗೆ ಸಮೇತ ಹಾರುತ್ತದೆ, ಮೂರನೇ ದಿನ ಪಿಸ್ಟನ್ ತಲೆಯಲ್ಲಿ ಗಾಳಿ ಸೋರದಂತೆ ತಡೆಯುವ ವಾಷರ್ ಸುಟ್ಟು ಕೂರುತ್ತದೆ. ಮೂಡಿಗೆರೆ, ಸಕಲೇಶಪುರ, ಆಲ್ದೂರು, ಬೇಲೂರು ಕಡೆಯ ತೋಟದ ಮನೆಗಳಲ್ಲಿ ಹೀಗೆ ಅರ್ಧಕ್ಕೆ ಬಿಚ್ಚಿ ಡಬ್ಬಿಯಲ್ಲಿ ಬಿದ್ದಿರುವ ಕೋವಿಗಳು ಕಡಿಮೆಯೇನಿಲ್ಲ.

ಕೆಡುವುದು ಬಹುತೇಕ ಕೆಲಸದ ಕ್ರಮ ತಪ್ಪಿದ್ದರಿಂದ. ಕೆಳಗಿನ ಹಂತಗಳನ್ನು ಬರೆದ ಸಾಲಿನಲ್ಲೇ ಮಾಡಿ. ಐದನೇ ಹಂತ ಮುಗಿಯುವಷ್ಟರಲ್ಲಿ ಹೆಚ್ಚಿನ ತೊಂದರೆಗಳು ಬಗೆಹರಿದಿರುತ್ತವೆ, ಸಿಲಿಂಡರ್ (ಸ್ಪ್ರಿಂಗ್, ಪಿಸ್ಟನ್ ಇರುವ ಕೊಳವೆ) ಬಿಚ್ಚುವ ಪ್ರಮೇಯವೇ ಬರುವುದಿಲ್ಲ. ಇಲ್ಲಿ ಹೇಳಿರುವುದೆಲ್ಲ ಬ್ಯಾರೆಲ್ ಬಗ್ಗಿಸಿ ಲೋಡ್ ಮಾಡುವ, ಉಕ್ಕಿನ ಸುರುಳಿ ಸ್ಪ್ರಿಂಗ್ ಇರುವ ಕೋವಿಗಳಿಗೆ: ಐಎಚ್‌ಪಿ 35, ಹಳೆಯ ಡಯಾನಾ, ಪ್ರೆಸಿಹೋಲ್, ಎಸ್‌ಡಿಬಿ ಮುಂತಾದವು. ಗ್ಯಾಸ್ ಪಿಸ್ಟನ್ ಇರುವ ಕೋವಿಯಾದರೆ ಐದನೇ ಹಂತದವರೆಗೆ ಮಾತ್ರ ಓದಿ. ಆ ಗ್ಯಾಸ್ ನಳಿಕೆಯನ್ನು ಮನೆಯಲ್ಲಿ ಬಿಚ್ಚುವಂತಿಲ್ಲ.

1. ಕಾನೂನು, ಹಿಂಗೋಡೆ, ಕೈಬೆರಳು

ಆಯುಧ ನಿಯಮಗಳು 2016ರ ಪ್ರಕಾರ 4.5 ಮಿ.ಮೀ. (0.177 ಇಂಚು) ಬೋರ್ (ಬ್ಯಾರೆಲ್ ಒಳವ್ಯಾಸ) ಮತ್ತು 20 ಜೂಲ್ ಶಕ್ತಿ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಎರಡರಲ್ಲಿ ಒಂದು ಮೀರಿದರೂ ಲೈಸೆನ್ಸ್ ಬೇಕು. ಹಾಗಾಗಿ ಟ್ಯೂನಿಂಗ್ ಅಂದರೆ ಶಕ್ತಿ ಏರಿಸುವುದು ಅಂದುಕೊಂಡವರು ಇಲ್ಲೇ ನಿಲ್ಲುವುದು ಒಳ್ಳೆಯದು. ಕೊಂಡ ಬಿಲ್ಲನ್ನು ಕೋವಿಯ ಜತೆಗೇ ಇಟ್ಟುಕೊಳ್ಳಿ.

ತೋಟಕ್ಕೆ ಬರುವ ಮಂಗ, ನವಿಲು, ಕೆಂಜಳಿಲಿಗೆ ‘ಬರೀ ಹೆದರಿಸೋಕೆ’ ಎಂದು ಹೊಡೆಯುವುದೂ ಅಪರಾಧವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಗಾಯಗೊಳಿಸುವುದು ಕೂಡ ಬೇಟೆ ಎಂದೇ ಲೆಕ್ಕ. ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ಮುತ್ತೋಡಿ ಕಡೆ ಹೋಗುವ ದಿನ ಜೀಪಿನ ಹಿಂದೆ ಏರ್‌ಗನ್ ಮರೆತು ಉಳಿದಿಲ್ಲವೇ ನೋಡಿಕೊಳ್ಳಿ.

ಪರೀಕ್ಷೆಗೆ ಹಿಂಗೋಡೆ, ಅಂದರೆ ಹೊಡೆತ ತಡೆದು ನಿಲ್ಲಿಸುವ ಆಸರೆ, ಮೊದಲು ಬೇಕು. ಒಂದಡಿ ಆಳದ ಮರದ ಪೆಟ್ಟಿಗೆಯಲ್ಲಿ ಹಳೆ ಬಟ್ಟೆಯನ್ನು ಬಿಗಿಯಾಗಿ ತುಂಬಿ, ಹಿಂದೆ ದಪ್ಪ ಕಬ್ಬಿಣದ ತಗಡನ್ನು ಕೆಳಮುಖವಾಗಿ ಓರೆಯಾಗಿ ನಿಲ್ಲಿಸಿದರೆ ಸಾಕು. ಬರೀ ತಗಡನ್ನೋ ಕಲ್ಲುಗೋಡೆಯನ್ನೋ ನೇರವಾಗಿ ಎದುರಿಗಿಟ್ಟು ಹೊಡೆದರೆ ಸೀಸದ ಚೂರು ವಾಪಸ್ ಮುಖಕ್ಕೆ ಬರುತ್ತದೆ. ಕಾಫಿ ಸಾಲಿನ ಉದ್ದಕ್ಕೆ ಎಂದೂ ಗುರಿ ಹಿಡಿಯಬೇಡಿ. ಗಿಡದ ಮರೆಯಲ್ಲಿ ಹಣ್ಣು ಕೊಯ್ಯುವ ಆಳು ಕಾಣುವುದಿಲ್ಲ, ತಪ್ಪಿದ ಪೆಲೆಟ್ (ಸೀಸದ ಪುಟ್ಟ ಗುಂಡು) ಫರ್ಲಾಂಗು ದಾಟಿ ಹೋಗಬಲ್ಲದು. ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ ಇರಲಿ, ಪೆಲೆಟ್ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ.

ಈ ಮೂರು ತಪ್ಪುಗಳಲ್ಲಿ ಒಂದಾದರೂ ಆದರೆ ಕೋವಿಯೋ ಬೆರಳೋ ಹೋಗುತ್ತದೆ. ಬ್ಯಾರೆಲ್ ಬಗ್ಗಿಸಿ ತೆರೆದಿರುವಾಗ ಟ್ರಿಗರ್ ಮುಟ್ಟಿದರೆ ಬ್ಯಾರೆಲ್ ಪಟ್ಟನೆ ಮೇಲೆ ಬಡಿದು ಸೊಟ್ಟಗಾಗುತ್ತದೆ, ನಡುವೆ ಹೆಬ್ಬೆರಳಿದ್ದರೆ ಅದೂ ಜಜ್ಜುತ್ತದೆ. ಪೆಲೆಟ್ ಇಲ್ಲದೆ ಖಾಲಿ ಹೊಡೆದರೆ ಪಿಸ್ಟನ್‌ನ ಮುಂದೆ ಗಾಳಿಯ ದಿಂಬು ಇರುವುದಿಲ್ಲ, ಅದು ನೇರ ಸಿಲಿಂಡರ್ ತಲೆಗೆ ಗುದ್ದುತ್ತದೆ. ಎಳೆದಿಟ್ಟ, ಅಂದರೆ ಸ್ಪ್ರಿಂಗ್ ಒತ್ತಿ ಹೊಡೆಯಲು ಸಿದ್ಧವಾಗಿಟ್ಟ, ಕೋವಿಯನ್ನು ಹಾಗೇ ಗಂಟೆಗಟ್ಟಲೆ ಬಿಟ್ಟರೆ ಸ್ಪ್ರಿಂಗ್ ಸೋಲುತ್ತದೆ, ಅದಕ್ಕಿಂತ ಮುಖ್ಯವಾಗಿ ಮಕ್ಕಳ ಕೈಗೆ ಸಿಗುತ್ತದೆ. ಪೆಲೆಟ್ ಹಾಕುವಾಗ ಒಂದು ಕೈ ಬ್ಯಾರೆಲ್ ಬಿಡಲೇಬಾರದು.

2. ಬೇಕಾಗುವ ಸಾಮಾನು

ಐದನೇ ಹಂತದವರೆಗೆ ಬೇಕಾಗುವುದು ಕಡಿಮೆ: ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ಕೂರುವ ಎರಡು ಅಳತೆಯ ಚಪ್ಪಟೆ ಸ್ಕ್ರೂಡ್ರೈವರ್, ಅಲೆನ್ ಕೀ ಸೆಟ್, ನೀಲಿ ಬಣ್ಣದ ಮಧ್ಯಮ ಹಿಡಿತದ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು), ಮೀನಿನ ಗಾಳದ ದಪ್ಪ ನೈಲಾನ್ ದಾರ, ಹತ್ತಿ ಬಟ್ಟೆ, ಒಂದು ಪೊಟ್ಟಣ ಟಿಶ್ಯೂ ಕಾಗದ.

ಬಿಚ್ಚುವವರಿಗೆ ಇನ್ನಷ್ಟು ಬೇಕು. ಬಡಗಿಗಳು ಬಾಗಿಲ ಚೌಕಟ್ಟು ಬಿಗಿಯಲು ಬಳಸುವ ಮೂರು-ನಾಲ್ಕಡಿ ಉದ್ದದ ಸ್ಯಾಷ್ ಕ್ಲ್ಯಾಂಪ್ ಕಡ್ಡಾಯ. ಪಿನ್ ಹೊಡೆಯಲು ಪಂಚು, ನೈಲಾನ್ ಸುತ್ತಿಗೆ, ವರ್ನಿಯರ್ ಕ್ಯಾಲಿಪರ್, ಸಣ್ಣ ಗುಂಡರ (ದುಂಡನೆಯ ಅರ), 400ರಿಂದ 1200ರವರೆಗಿನ ವಾಟರ್ ಪೇಪರ್, ಸೀಮೆಎಣ್ಣೆ ಅಥವಾ ಥಿನ್ನರ್ ಕೂಡ ಇರಲಿ.

ಗ್ರೀಸಿನ ವಿಷಯದಲ್ಲಿ ಜಿಪುಣತನ ಬೇಡ. ಮಾಲಿಬ್ಡಿನಮ್ ಡೈಸಲ್ಫೈಡ್ ದಟ್ಟವಾಗಿರುವ ಕಪ್ಪು ಅಸೆಂಬ್ಲಿ ಪೇಸ್ಟ್ ಬೇಕು. ಗ್ಯಾರೇಜಿನಲ್ಲಿ ಕಾರಿನ ಆ್ಯಕ್ಸಲ್ ಜಾಯಿಂಟಿಗೆ ಹಾಕುವ ಮಾಲಿ ಗ್ರೀಸ್ ನೋಡಲು ಅದೇ ಬಣ್ಣ, ಆದರೆ ಅದರಲ್ಲಿ ಮಾಲಿಬ್ಡಿನಮ್ ಕೆಲವೇ ಶೇಕಡಾ, ಉಳಿದದ್ದೆಲ್ಲ ಉರಿಯುವ ಗ್ರೀಸು. ಸ್ಪ್ರಿಂಗಿಗೆ ಅದು ನಡೆದೀತು, ಪಿಸ್ಟನ್ ತಲೆಯ ಹತ್ತಿರಕ್ಕೂ ತರಬೇಡಿ.

3. ಸ್ಕ್ರೂಗಳು

ಸ್ಪ್ರಿಂಗ್ ಏರ್‌ಗನ್ ಎರಡು ಕಡೆಗೂ ಒದೆಯುತ್ತದೆ. ಪಿಸ್ಟನ್ ಮುಂದೆ ಹಾರುವಾಗ ಕೋವಿ ಹಿಂದಕ್ಕೆ, ಅದು ಗಾಳಿಗೆ ಬಡಿದು ನಿಂತಾಗ ಮುಂದಕ್ಕೆ. ಈ ಕುಲುಕಾಟಕ್ಕೆ ಸ್ಟಾಕಿನ (ಮರದ ಇಲ್ಲವೇ ಪ್ಲಾಸ್ಟಿಕ್ ಹಿಡಿಕೆಯ) ಸ್ಕ್ರೂ ಸಡಿಲವಾಗದೆ ಇರುವುದೇ ಇಲ್ಲ. ಮುಂಗೈ ಜಾಗದ ಎರಡು ಸ್ಕ್ರೂ, ಟ್ರಿಗರ್ ಗಾರ್ಡಿನ ಒಂದೋ ಎರಡೋ ಸ್ಕ್ರೂ, ಇವೇ ಮುಖ್ಯ.

ಒಂದೊಂದನ್ನೇ ಪೂರ್ತಿ ಬಿಚ್ಚಿ. ಅದರ ಥ್ರೆಡ್ ಮೇಲಿನ ಹಳೆ ಎಣ್ಣೆಯನ್ನು ಥಿನ್ನರಿನಿಂದ ಒರೆಸಿ, ಒಂದೇ ಹನಿ ಥ್ರೆಡ್‌ಲಾಕ್ ಹಾಕಿ, ಹಲ್ಲಿರುವ ವಾಷರ್ ಸಮೇತ ಕೂರಿಸಿ. ಬಿಗಿ ಅನಿಸಿದ ಮೇಲೆ ಕಾಲು ಸುತ್ತು ಸಾಕು. ಅತಿಯಾಗಿ ತಿರುವಿದರೆ ಮರ ಜಜ್ಜಿ ತಲೆ ಒಳಗೆ ಇಳಿಯುತ್ತದೆ, ಆಮೇಲೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ. ಕೆಂಪು ಥ್ರೆಡ್‌ಲಾಕ್ ಬೇಡ, ಮುಂದೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ, ಮರದ ಪಾಲಿಶ್ ಹೋಗುತ್ತದೆ.

ಮಲೆನಾಡಿನಲ್ಲಿ ಇದಕ್ಕೊಂದು ಋತುಮಾನವಿದೆ. ಜೂನ್‌ನಿಂದ ಮರ ತೇವ ಕುಡಿದು ಉಬ್ಬುತ್ತದೆ, ಸ್ಕ್ರೂ ಬಿಗಿಯಾಗಿಯೇ ಕಾಣುತ್ತದೆ. ಫೆಬ್ರವರಿ-ಮಾರ್ಚ್ ಬಿಸಿಲಿಗೆ ಮರ ಕುಗ್ಗಿದಾಗ ಅದೇ ಸ್ಕ್ರೂ ಸಡಿಲ. ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಗುರಿ ಕೆಟ್ಟರೆ ಬೇರೇನೂ ನೋಡುವ ಮೊದಲು ಇದನ್ನು ನೋಡಿ. ಪ್ಲಾಸ್ಟಿಕ್ ಸ್ಟಾಕಿಗೆ ಈ ಕಾಟ ಇಲ್ಲ.

ದುರ್ಬೀನು ಹಾಕಿದ್ದರೆ ಅದರ ಮೌಂಟ್ ಸ್ಕ್ರೂಗಳೂ ಈಗಲೇ. ಮೌಂಟಿನ ಹಿಂದೆ ತಡೆಪಿನ್ ಇಲ್ಲದಿದ್ದರೆ ಅದು ಹೊಡೆತ ಹೊಡೆತಕ್ಕೂ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಮೌಂಟ್ ಕೂರುವ ಪಟ್ಟಿಯ (ರೈಲಿನ) ಮೇಲೆ ಪೆನ್ಸಿಲ್ ಗೆರೆ ಎಳೆದಿಟ್ಟು ಐವತ್ತು ಹೊಡೆತದ ನಂತರ ನೋಡಿದರೆ ಗೊತ್ತಾಗುತ್ತದೆ. ಬಂದೂಕಿನ ದುರ್ಬೀನು ಎಷ್ಟೇ ದುಬಾರಿಯಾಗಿದ್ದರೂ ಇದಕ್ಕೆ ಬಾರದು. ಅದರ ಗಾಜುಗಳು ಒಂದೇ ದಿಕ್ಕಿನ ಒದೆತಕ್ಕೆ ಕೂರಿಸಿದವು, ಎದುರು ಒದೆತಕ್ಕೆ ಒಳಗಿನ ಗುರಿಯ ಕೂದಲಗೆರೆಯೇ ಕಿತ್ತು ಬರಬಹುದು.

4. ಬ್ಯಾರೆಲ್, ಪೆಲೆಟ್, ಹಿಡಿತ

ನೈಲಾನ್ ದಾರವನ್ನು ಮಡಚಿ ಕುಣಿಕೆ ಮಾಡಿ, ಅದರಲ್ಲಿ ಬಟ್ಟೆ ಚೂರು ಸಿಕ್ಕಿಸಿ, ಪೆಲೆಟ್ ಹಾಕುವ ಬಾಯಿಯಿಂದ ಮೂತಿಯ ಕಡೆಗೆ ಎಳೆಯಿರಿ. ಮೊದಲ ಚೂರು ಕಪ್ಪಗೆ ಬರುತ್ತದೆ, ನಾಲ್ಕೈದು ಸಲಕ್ಕೆ ಬೂದು ಬಣ್ಣಕ್ಕೆ ಇಳಿಯುತ್ತದೆ. ಅಷ್ಟು ಸಾಕು, ಬೆಳ್ಳಗಾಗುವವರೆಗೆ ಎಳೆಯುವ ಹಟ ಬೇಡ. ಕಬ್ಬಿಣದ ಕಡ್ಡಿ, ಹಿತ್ತಾಳೆ ಬ್ರಷ್ ಒಳಗೆ ಬಿಡಬೇಡಿ. ಬ್ಯಾರೆಲ್‌ಗೆ ಎಣ್ಣೆ ಬಿಟ್ಟರೆ ಅದು ಹಿಂದಕ್ಕೆ ಹರಿದು ಗಾಳಿರಂಧ್ರದ ಮೂಲಕ ಸಿಲಿಂಡರ್ ಸೇರುತ್ತದೆ. ಹೊಗೆ ಬರುವ ಕೋವಿಗಳ ಪೈಕಿ ಎಷ್ಟೋ ಹೀಗೇ ಕೆಟ್ಟವು. ತೊಳೆದ ಮೇಲೆ ಹತ್ತಿಪ್ಪತ್ತು ಪೆಲೆಟ್ ಹಾರಿಸುವವರೆಗೆ ಗುರಿ ನಿಲ್ಲುವುದಿಲ್ಲ, ಅದು ಸಹಜ.

ಪೆಲೆಟ್ ಬದಲಿಸಿ ನೋಡದೆ ಕೋವಿಯನ್ನು ಬೈಯುವುದು ತಪ್ಪು. ಒಂದೇ ಬ್ಯಾರೆಲ್ ಒಂದು ಪೆಲೆಟ್ಟನ್ನು ಕಾಸಿನಗಲಕ್ಕೆ ಹಾಕಿ, ಇನ್ನೊಂದನ್ನು ಅಂಗೈಯಗಲಕ್ಕೆ ಚೆಲ್ಲುತ್ತದೆ. ಮೂರ್ನಾಲ್ಕು ಬಗೆ ತಂದು, 10 ಮೀಟರ್ ದೂರದಲ್ಲಿ ಪ್ರತಿಯೊಂದರಲ್ಲೂ ಐದೈದು ಹೊಡೆತದ ಎರಡು ಗುಂಪು ಹಾಕಿ. ಬಗೆ ಬದಲಿಸಿದಾಗಲೆಲ್ಲ ಮೊದಲ ಹತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ. ತೂಕ 7ರಿಂದ 8.5 ಗ್ರೇನ್ ಆಸುಪಾಸು ಇರಲಿ. ಜೆಎಸ್‌ಬಿ ಕಂಪನಿಯ 8.44 ಗ್ರೇನ್ ಗುಂಡುತಲೆಯದು ಹೋಲಿಕೆಗೆ ಒಳ್ಳೆಯ ಅಳತೆಗೋಲು. ಕೈಯಲ್ಲಿ ಹಾಕುವಾಗಲೇ ಸಡಿಲವಾಗಿ ಜಾರಿ ಒಳಗೆ ಬೀಳುವ ಪೆಲೆಟ್ ಹಾರಿಸಬೇಡಿ. ಅದು ಬ್ಯಾರೆಲ್‌ನಲ್ಲಿ ಪ್ರತಿರೋಧ ಕೊಡುವುದಿಲ್ಲ, ಪಿಸ್ಟನ್‌ಗೆ ಖಾಲಿ ಹೊಡೆತದ ಪೆಟ್ಟೇ ಬೀಳುತ್ತದೆ. ತೀರಾ ಹಗುರದವು ಹೆಚ್ಚು ಸದ್ದು ಮಾಡುತ್ತವೆಂದು ಖುಷಿಪಡುವವರಿದ್ದಾರೆ. ಆ ಸದ್ದಿಗೆ ಬೆಲೆ ತೆರುವುದು ಪಿಸ್ಟನ್.

ಹಿಡಿತದಲ್ಲೇ ಅರ್ಧ ಕೆಲಸ. ಪೆಲೆಟ್ ಬ್ಯಾರೆಲ್ ಬಿಡುವಷ್ಟರಲ್ಲಿ ಕೋವಿ ಆಗಲೇ ಅಲುಗಾಡಿರುತ್ತದೆ. ಪ್ರತಿ ಸಲವೂ ಒಂದೇ ರೀತಿ ಅಲುಗಾಡಲು ಬಿಡಬೇಕು, ಗಟ್ಟಿಯಾಗಿ ಹಿಡಿದು ತಡೆಯಬಾರದು. ಮುಂದಿನ ಅಂಗೈಯನ್ನು ತೆರೆದು, ತೂಕ ಸಮನಾಗುವ ಜಾಗದಲ್ಲಿ ಕೋವಿಯನ್ನು ಸುಮ್ಮನೆ ಕೂರಿಸಿ. ಬೆರಳು ಸುತ್ತಬೇಡಿ, ಹೆಗಲಿಗೆ ಒತ್ತಬೇಡಿ. ಕಲ್ಲು, ಕಟ್ಟೆ, ಬೇಲಿಕಂಬಕ್ಕೆ ನೇರ ಆನಿಸಿದರೆ ಪೆಲೆಟ್ ಮೇಲಕ್ಕೇ ಹೋಗುತ್ತದೆ. ಆನಿಸಲೇಬೇಕಿದ್ದರೆ ಕಟ್ಟೆಯ ಮೇಲೆ ಕೈ, ಕೈಯ ಮೇಲೆ ಕೋವಿ. ಅಂಗೈ ಜಾಗ ಒಂದಂಗುಲ ಹಿಂದೆಮುಂದೆ ಆದರೂ ಗುರಿ ಬದಲಾಗುತ್ತದೆ, ಸ್ಟಾಕಿಗೆ ಒಂದು ಟೇಪು ಅಂಟಿಸಿ ಗುರುತು ಮಾಡಿಕೊಳ್ಳಿ.

5. ಬಾಯಿಯ ಸೀಲ್ ಮತ್ತು ಕೀಲು

ಬ್ಯಾರೆಲ್ ಮುಚ್ಚಿದಾಗ ಸಿಲಿಂಡರ್‌ಗೆ ತಾಗುವ ಜಾಗದಲ್ಲಿ ಒಂದು ಓ-ರಿಂಗ್ ಅಥವಾ ಚರ್ಮದ ಬಳೆ ಇದೆ. ‘ಸ್ಪ್ರಿಂಗ್ ಹೋಯ್ತು’ ಅಂದುಕೊಳ್ಳುವ ಕೋವಿಗಳಲ್ಲಿ ನಿಜವಾಗಿ ಹೋಗಿರುವುದು ಅನೇಕ ಸಲ ಈ ಪುಟ್ಟ ಬಳೆ.

ಪರೀಕ್ಷೆ ಸುಲಭ. ಟಿಶ್ಯೂವಿನ ಒಂದೇ ಪದರವನ್ನು ಆ ಸಂದಿಯ ಮೇಲೆ ಹಾಸಿ, ಪೆಲೆಟ್ ಹಾಕಿ ಹಿಂಗೋಡೆಗೆ ಹೊಡೆಯಿರಿ. ಟಿಶ್ಯೂ ಎಗರಿದರೆ, ಹರಿದರೆ ಗಾಳಿ ಸೋರುತ್ತಿದೆ. ಮುಖವನ್ನು ಹತ್ತಿರ ಒಯ್ಯದೆ, ಪಕ್ಕದಲ್ಲಿ ನಿಂತವರು ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದರೆ ಸ್ಪಷ್ಟವಾಗಿ ಕಾಣುತ್ತದೆ.

ಬಳೆ ಬಾಯಿಯ ಮಟ್ಟಕ್ಕಿಂತ 0.1ರಿಂದ 0.2 ಮಿ.ಮೀ. ಮೇಲೆ ನಿಂತಿರಬೇಕು, ಅಂದರೆ ಉಗುರಿನಲ್ಲಿ ಸವರಿದರೆ ಮಾತ್ರ ತಿಳಿಯುವಷ್ಟು. ಕುಗ್ಗಿದ್ದರೆ ಹೊರತೆಗೆದು, ಅದೇ ಅಳತೆಗೆ ಕತ್ತರಿಸಿದ ದಪ್ಪ ಕಾಗದದ ಬಳೆಯನ್ನು ಅಡಿಗೆ ಹಾಕಿ ಮತ್ತೆ ಕೂರಿಸಿ. ಸೀಳಿದ್ದರೆ ಬದಲಿಸಿ. ಹಳೆಯದನ್ನೂ ಅದು ಕೂರುವ ಕುಳಿಯನ್ನೂ ವರ್ನಿಯರಿನಲ್ಲಿ ಅಳೆದು ಬರೆದುಕೊಂಡು ಹೋದರೆ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಆಯಿಲ್ ಸೀಲ್, ಬೇರಿಂಗ್ ಮಾರುವ ಅಂಗಡಿಯಲ್ಲಿ ಹೊಂದುವ ಓ-ರಿಂಗ್ ಹುಡುಕಿ ಕೊಡುತ್ತಾರೆ. ಮೆತ್ತನೆಯ ನಲ್ಲಿ ವಾಷರ್ ಬೇಡ, ಗಡುಸಾದ ನೈಟ್ರೈಲ್ ಕೇಳಿ. ಅತಿಯಾಗಿ ಎತ್ತರಿಸಿದರೆ ಬ್ಯಾರೆಲ್ ಪೂರ್ತಿ ಮುಚ್ಚದೆ ಮೂತಿ ಕೆಳಗೆ ಬಾಗಿದಂತಾಗುತ್ತದೆ, ಗುರಿಯೂ ಕೆಳಗೆ ಹೋಗುತ್ತದೆ.

ಕೀಲಿನ ಬೋಲ್ಟಿಗೂ ಒಂದು ಪರೀಕ್ಷೆ ಇದೆ. ಸೇಫ್ಟಿ ಹಾಕಿ, ಟ್ರಿಗರಿನಿಂದ ಬೆರಳು ದೂರ ಇಟ್ಟು, ಕೋವಿ ಎಳೆದ ಮೇಲೆ ಬ್ಯಾರೆಲನ್ನು ಅರ್ಧಕ್ಕೆ ತಂದು ಹಿಡಿತ ಸಡಿಲಿಸಿ. ಕೈ ಪಕ್ಕದಲ್ಲೇ ಇರಲಿ. ಬಿಟ್ಟ ಜಾಗದಲ್ಲೇ ನಿಂತರೆ ಸರಿ. ತಂತಾನೇ ಕೆಳಗೆ ಬಿದ್ದರೆ ಬೋಲ್ಟ್ ಸಡಿಲ, ಎಂಟನೇ ಒಂದು ಸುತ್ತಿನಂತೆ ಬಿಗಿಯುತ್ತಾ ನೋಡಿ. ಪಕ್ಕಕ್ಕೆ ಅಲುಗಾಡಿದರೆ ಒಳಗಿನ ತೆಳು ವಾಷರ್ ಸವೆದಿದೆ, ಎಷ್ಟು ಒಳ್ಳೆಯ ಪೆಲೆಟ್ ಹಾಕಿದರೂ ಗುಂಪು ಕೂಡಿಬರದು.

6. ವೇಗ ಅಳೆದು ರೋಗ ಗುರುತಿಸಿ

ಬಿಚ್ಚುವ ನಿರ್ಧಾರ ಅಂದಾಜಿನ ಮೇಲೆ ಬೇಡ. ಪೆಲೆಟ್ ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹೊಡೆತದ ಸದ್ದು, ಗುರಿಗೆ ಬಡಿದ ಸದ್ದು ಇವುಗಳ ನಡುವಿನ ಅಂತರದಿಂದ ಸರಾಸರಿ ವೇಗ ಲೆಕ್ಕ ಹಾಕುವ ಮೊಬೈಲ್ ಆ್ಯಪ್ ಕೂಡ ಹೋಲಿಕೆಗೆ ಸಾಕು. ಒಂದೇ ಪೆಲೆಟ್‌ನಲ್ಲಿ ಹತ್ತು ಹೊಡೆತ ಬರೆದುಕೊಳ್ಳಿ.

ಶಕ್ತಿಯ ಲೆಕ್ಕ ಹೀಗೆ: ಪೆಲೆಟ್ ತೂಕವನ್ನು ಗ್ರೇನಿನಿಂದ ಗ್ರಾಂಗೆ ತರಲು 0.0648ರಿಂದ ಗುಣಿಸಿ, ಅದನ್ನು ಮೀಟರಿನಲ್ಲಿರುವ ವೇಗದ ವರ್ಗದಿಂದ ಗುಣಿಸಿ, 2000ದಿಂದ ಭಾಗಿಸಿ. 8.44 ಗ್ರೇನ್ ಅಂದರೆ 0.547 ಗ್ರಾಂ. ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಸುಮಾರು 10.9 ಜೂಲ್. ಅದೇ ಪೆಲೆಟ್ ಸೆಕೆಂಡಿಗೆ 270 ಮೀಟರ್ ವೇಗ ಮುಟ್ಟಿದರೆ 20 ಜೂಲಿನ ಗಡಿ.

ಹತ್ತು ಹೊಡೆತದ ಹೆಚ್ಚು-ಕಡಿಮೆ ನಡುವಿನ ವ್ಯತ್ಯಾಸ ಸೆಕೆಂಡಿಗೆ ನಾಲ್ಕೈದು ಮೀಟರ್ ಒಳಗಿದ್ದರೆ ಒಳಗೆಲ್ಲ ಸರಿಯಿದೆ. ವೇಗ ಕಡಿಮೆ, ಆದರೆ ಪ್ರತಿ ಸಲ ಒಂದೇ ಅಂದರೆ ಸ್ಪ್ರಿಂಗ್ ಸೋತಿದೆ. ವೇಗ ಕಡಿಮೆ, ಜತೆಗೆ ಹೊಯ್ದಾಟ ಅಂದರೆ ವಾಷರ್. ವೇಗ ಹೆಚ್ಚು, ಹೊಗೆ, ಸುಟ್ಟ ವಾಸನೆ, ಪಟಾಕಿಯಂಥ ಸದ್ದು ಅಂದರೆ ಒಳಗೆ ಎಣ್ಣೆ ಉರಿಯುತ್ತಿದೆ. ಎಳೆಯುವಾಗ ಕರಕರ ಸದ್ದು ಬಂದರೆ ಸ್ಪ್ರಿಂಗ್ ತುಂಡಾಗಿರಬಹುದು. ತುದಿಯ ಒಂದು ಸುತ್ತು ಮುರಿದರೂ ಕೋವಿ ಹಾರುತ್ತಲೇ ಇರುತ್ತದೆ, ಅಷ್ಟರಲ್ಲಿ ಆ ಚೂರು ಪಿಸ್ಟನ್ನಿನ ಒಳಗೋಡೆಯನ್ನು ಕೆರೆದಿರುತ್ತದೆ.

7. ಬಿಚ್ಚುವುದು

ಕೋವಿ ಎಳೆದಿಲ್ಲ, ಪೆಲೆಟ್ ಇಲ್ಲ ಎಂದು ಎರಡು ಸಲ ನೋಡಿ. ಸ್ಟಾಕ್ ಬಿಚ್ಚಿ. ಹಿಂಬದಿಯ ಮುಚ್ಚಳ ಕೆಲವು ಕೋವಿಗಳಲ್ಲಿ ಅಡ್ಡಪಿನ್‌ಗಳಿಂದ ನಿಂತಿರುತ್ತದೆ, ಕೆಲವದರಲ್ಲಿ ತಿರುಪಿ ಬಿಗಿಯುವ ಥ್ರೆಡ್ ಇರುತ್ತದೆ. ಎರಡರಲ್ಲೂ ಅದರ ಹಿಂದೆ ಒತ್ತಿಟ್ಟ ಸ್ಪ್ರಿಂಗ್ ಇದೆ, ಎಳೆಯದೆ ಇರುವಾಗಲೂ ಹಲವು ಸೆಂಟಿಮೀಟರ್ ಒತ್ತಡದಲ್ಲೇ ಇರುತ್ತದೆ. ಹೊಟ್ಟೆಗೆ ಆನಿಸಿಕೊಂಡು ಪಿನ್ ತೆಗೆಯುವವರು, ಗೋಡೆಗೆ ಒತ್ತಿ ತೆಗೆಯುವವರು ಇದ್ದಾರೆ. ಆಸ್ಪತ್ರೆ ಸೇರಲು ಅದು ಹತ್ತಿರದ ದಾರಿ.

ಕೋವಿಯನ್ನು ಸ್ಯಾಷ್ ಕ್ಲ್ಯಾಂಪಿನಲ್ಲಿ ಉದ್ದಕ್ಕೆ ಮಲಗಿಸಿ. ಮೂತಿಯ ಕಡೆ ಗುಳಿ ತೆಗೆದ ಮರದ ತುಂಡು, ಹಿಂಬದಿ ಮುಚ್ಚಳಕ್ಕೆ ಇನ್ನೊಂದು ತುಂಡು. ಎರಡು ಕಡೆ ಹಗ್ಗದಿಂದ ಕಟ್ಟಿ, ಜಾರಿ ಪಕ್ಕಕ್ಕೆ ಸಿಡಿಯಬಾರದು. ಒಂದೆರಡು ಮಿ.ಮೀ. ಬಿಗಿದಾಗ ಪಿನ್ ಮೇಲಿನ ಭಾರ ಇಳಿಯುತ್ತದೆ, ಪಂಚಿನಿಂದ ತಟ್ಟಿದರೆ ಸಲೀಸಾಗಿ ಬರಬೇಕು. ಬಾರದಿದ್ದರೆ ಹೊಡೆಯಬೇಡಿ, ಭಾರ ಇನ್ನೂ ಇಳಿದಿಲ್ಲ. ಪಿನ್ ಬಂದ ಮೇಲೆ ಕ್ಲ್ಯಾಂಪನ್ನು ಅರ್ಧರ್ಧ ಸುತ್ತಿನಂತೆ ಬಿಡುತ್ತಾ ಹೋಗಿ. ಮುಖ ಎಂದೂ ಕ್ಲ್ಯಾಂಪಿನ ನೇರಕ್ಕೆ ಬೇಡ. ಸ್ಪ್ರಿಂಗ್ ಎಷ್ಟು ಹೊರಗೆ ಬಂತು ಅಳೆದು ಬರೆದಿಡಿ, ಜೋಡಿಸುವಾಗ ಬೇಕು.

ಥ್ರೆಡ್ ಇರುವ ಮುಚ್ಚಳವಾದರೂ ಕೊನೆಯ ಎರಡು ಸುತ್ತು ಉಳಿದಾಗ ಕ್ಲ್ಯಾಂಪ್ ಹಾಕಿಯೇ ಬಿಚ್ಚಿ. ಹಳೆ ಡಯಾನಾ 27, 35ರ ಒಂದು ಬಗೆಯ ಟ್ರಿಗರಿನಲ್ಲಿ ಮೂರು ಪುಟ್ಟ ಉಕ್ಕಿನ ಗುಂಡುಗಳಿವೆ, ಬಿಚ್ಚಿದ ಕೂಡಲೇ ಉದುರಿ ಕೆಂಪು ನೆಲದಲ್ಲಿ ಕಳೆದುಹೋಗುತ್ತವೆ. ಅಡಿಗೆ ದೊಡ್ಡ ತಟ್ಟೆ ಇಟ್ಟುಕೊಳ್ಳಿ. ಪ್ರತಿ ಹೆಜ್ಜೆಗೂ ಫೋಟೊ ತೆಗೆಯಿರಿ. ಆಮೇಲೆ ಎಳೆಯುವ ಸರಳನ್ನು (ಬ್ಯಾರೆಲ್ ಬಗ್ಗಿಸಿದಾಗ ಪಿಸ್ಟನ್ ಹಿಂದಕ್ಕೆ ತಳ್ಳುವುದು ಇದೇ) ಸಿಲಿಂಡರಿನ ಸೀಳಿನಿಂದ ಬಿಡಿಸಿದರೆ ಪಿಸ್ಟನ್ ಹೊರಬರುತ್ತದೆ.

8. ಒಳಗಿನ ಕೆಲಸ

ಮೊದಲು ತೊಳೆಯುವುದು. ಸಿಲಿಂಡರಿನ ಒಳಗೋಡೆಯನ್ನು ಸೀಮೆಎಣ್ಣೆಯಿಂದ ತೊಳೆದು, ಥಿನ್ನರ್ ಬಟ್ಟೆಯಿಂದ ಒರೆಸಿ, ಒಣಗಿಸಿ. ಟಾರ್ಚ್ ಬಿಟ್ಟು ನೋಡಿ. ಉದ್ದನೆಯ ಗೀರು ಉಗುರಿಗೆ ಸಿಕ್ಕುವಷ್ಟು ಆಳವಿದ್ದರೆ ಹೊಸ ವಾಷರ್ ಹಾಕಿದರೂ ಸೋರುತ್ತದೆ. ಸಣ್ಣಪುಟ್ಟ ಗೀರಿಗೆ ಕೋಲಿಗೆ 400ರ ವಾಟರ್ ಪೇಪರ್ ಸುತ್ತಿ ತಿರುವುತ್ತಾ ಹಿಂದೆಮುಂದೆ ಆಡಿಸಿ. ಗೋಡೆಯ ಮೇಲೆ ಅಡ್ಡಡ್ಡ ನವಿರು ಗೆರೆ ಬಂದರೆ ಸಾಕು, ಕನ್ನಡಿಯಂತೆ ಹೊಳೆಸಿದರೆ ಪೇಸ್ಟ್ ನಿಲ್ಲುವುದಿಲ್ಲ.

ಆಮೇಲೆ ಸಿಲಿಂಡರಿನ ಉದ್ದ ಸೀಳಿನ ಅಂಚು ಮತ್ತು ಪಿನ್ ತೂತುಗಳು. ಕಾರ್ಖಾನೆಯಿಂದ ಬರುವಾಗಲೇ ಇವು ಬ್ಲೇಡಿನಂತಿರುತ್ತವೆ. ಹೊಸ ವಾಷರ್ ಮೊದಲ ಸಲ ಒಳಗೆ ಹೋಗುವಾಗಲೇ ಇವಕ್ಕೆ ಸಿಕ್ಕಿ ಸೀಳುತ್ತದೆ, ಹಾಕಿದವರಿಗೆ ಗೊತ್ತೇ ಆಗುವುದಿಲ್ಲ. ಗುಂಡರದಿಂದ ಅಂಚು ಮುರಿದು, ವಾಟರ್ ಪೇಪರಿನಿಂದ ನಯ ಮಾಡಿ, ಬೆರಳ ತುದಿಗೆ ಹತ್ತಿ ಹಿಡಿದು ಸವರಿ. ಹತ್ತಿ ಎಳೆ ಎಲ್ಲೂ ಸಿಕ್ಕಿಕೊಳ್ಳಬಾರದು. ಲೋಹದ ಪುಡಿ ಹೋಗಲು ಮತ್ತೊಮ್ಮೆ ತೊಳೆಯಿರಿ.

ಸ್ಪ್ರಿಂಗನ್ನು ಗಾಜಿನ ಮೇಲೆ ಉರುಳಿಸಿ. ಕುಂಟುತ್ತಾ ಉರುಳಿದರೆ ಬಾಗಿದೆ, ಬದಲಿಸಿ. ಹೊಸದರ ಎರಡೂ ತುದಿಯನ್ನು ಚಪ್ಪಟೆ ಕಲ್ಲಿನ ಮೇಲೆ ವಾಟರ್ ಪೇಪರ್ ಇಟ್ಟು ಉಜ್ಜಿ ಹೊಳೆಸಿ, ಆ ತುದಿಗಳಿಗೆ ನಯವಾದ ಉಕ್ಕಿನ ತೆಳು ವಾಷರ್ ಒಂದೊಂದು ಕೊಡಿ. ಸ್ಪ್ರಿಂಗ್ ಒತ್ತಿದಾಗ ತಿರುಚಿಕೊಳ್ಳುತ್ತದೆ, ತುದಿ ಜಾರಲು ಜಾಗವಿದ್ದರೆ ಕೋವಿ ಪಕ್ಕಕ್ಕೆ ಹೊರಳುವುದಿಲ್ಲ. ಹೊಸ ಸ್ಪ್ರಿಂಗ್ ಮೊದಲ ನೂರಿನ್ನೂರು ಹೊಡೆತದಲ್ಲಿ ಒಂದಷ್ಟು ಗಿಡ್ಡವಾಗುವುದು ಮಾಮೂಲು.

ಉದ್ದ ಸ್ಪ್ರಿಂಗ್, ಹೆಚ್ಚು ವಾಷರ್ ತುಂಬುವ ಆಸೆಗೆ ಒಂದು ಸಣ್ಣ ಲೆಕ್ಕ ಸಾಕು. ತಂತಿಯ ದಪ್ಪ 3 ಮಿ.ಮೀ., ಸುತ್ತು 34 ಅಂದರೆ ಪೂರ್ತಿ ಅಮುಕಿದಾಗಲೂ 102 ಮಿ.ಮೀ. ಜಾಗ ಬೇಕು. ಕೋವಿ ಎಳೆದಾಗ ಒಳಗೆ ಉಳಿಯುವ ಜಾಗ 105 ಮಿ.ಮೀ. ಇದ್ದರೆ ಬಾಕಿ ಮೂರೇ ಮಿ.ಮೀ. ಅದಕ್ಕಿಂತ ದಪ್ಪದ್ದೇನು ತುರುಕಿದರೂ ಪಿಸ್ಟನ್ ಟ್ರಿಗರಿಗೆ ಸಿಗುವುದಿಲ್ಲ. ಬಲವಂತ ಮಾಡಿದರೆ ಎಳೆಯುವ ಸರಳು ಬಾಗುತ್ತದೆ.

ಹೊಡೆದಾಗ ‘ಟ್ವಾಂಯ್’ ಎಂದು ತಂತಿ ಮಿಡಿದ ಸದ್ದು ಬರುವುದು ಸ್ಪ್ರಿಂಗ್ ಒಳಗಿನ ಮಾರ್ಗದರ್ಶಿ ಕೊಳವೆ ಸಡಿಲವಾಗಿದ್ದಾಗ. ಕೊಳವೆಯ ಮೇಲೆ ಸ್ಪ್ರಿಂಗ್ ತಿರುವಿ ಹಾಕಿದರೆ ಮಾತ್ರ ಹೋಗುವಷ್ಟು ಬಿಗಿ ಇರಬೇಕು. ಸ್ಪ್ರಿಂಗಿನ ಒಳವ್ಯಾಸ ಅಳೆದುಕೊಂಡು ಹೋದರೆ ಯಾವ ಲೇತ್ ಅಂಗಡಿಯಲ್ಲೂ ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ. ಆದರೆ ಅವರು ಕೈಗೆ ಸಿಕ್ಕ ನೈಲಾನ್ ಸರಳಿನಲ್ಲೇ ಮಾಡಲು ಹೊರಡುತ್ತಾರೆ. ನೈಲಾನ್ ತೇವ ಹೀರಿ ಊದಿಕೊಳ್ಳುತ್ತದೆ. ಏಪ್ರಿಲಿನಲ್ಲಿ ಸರಿಯಾಗಿದ್ದ ಕೊಳವೆ ಆಷಾಢದ ಮಳೆಗೆ ಸ್ಪ್ರಿಂಗನ್ನು ಹಿಡಿದುಕೊಂಡು ವೇಗ ತಿನ್ನುತ್ತದೆ. ಡೆಲ್ರಿನ್ ಅಂದರೆ ಅಸಿಟಾಲ್ ಸರಳು ಕೇಳಿ, ಸಿಗದಿದ್ದರೆ ತರಿಸಿಕೊಟ್ಟು ಮಾಡಿಸಿ. ಮಳೆನಾಡಿನಲ್ಲಿ ಈ ಒಂದು ವಿಷಯದಲ್ಲಿ ರಾಜಿ ಬೇಡ.

ಈಗ ಪಿಸ್ಟನ್ ತಲೆಯ ವಾಷರ್. ಚರ್ಮದ್ದಾದರೆ ಚರ್ಮಕ್ಕೆ ಬಳಸುವ ನೀಟ್ಸ್‌ಫುಟ್ ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಹಾಕಿ, ಬಟ್ಟೆಯ ನಡುವೆ ಒತ್ತಿ ಒತ್ತಿ ಹಿಂಡಿ. ಹಿಚುಕಿದರೆ ಹನಿ ಬರಬಾರದು, ಮುಟ್ಟಿದರೆ ಮೃದುವಾಗಿರಬೇಕು. ನಡುವಿನ ಸ್ಕ್ರೂಗೆ ಥ್ರೆಡ್‌ಲಾಕ್ ಹಾಕಿ, ತಲೆ ಚರ್ಮದ ಮಟ್ಟಕ್ಕಿಂತ ಕೆಳಗೇ ಇಳಿಯಲಿ, ಮೇಲೆ ಉಳಿದರೆ ಸಿಲಿಂಡರ್ ತಲೆಗೆ ಬಡಿಯುತ್ತದೆ. ಪ್ಲಾಸ್ಟಿಕ್ ವಾಷರ್ ಆದರೆ ಸ್ಪ್ರಿಂಗ್ ಇಲ್ಲದ ಪಿಸ್ಟನ್‌ಗೆ ಹಾಕಿ ಕೈಯಿಂದ ತಳ್ಳಿ ನೋಡಿ. ಹೆಬ್ಬೆರಳಿನ ಸ್ಥಿರ ಒತ್ತಡಕ್ಕೆ ಜಾರಬೇಕು, ತಂತಾನೇ ಜಾರಬಾರದು. ಬಹಳ ಬಿಗಿಯಿದ್ದರೆ ಡ್ರಿಲ್ಲಿಗೆ ಸಿಕ್ಕಿಸಿ 400ರ ವಾಟರ್ ಪೇಪರ್ ತಾಗಿಸಿ ಸ್ವಲ್ಪ ಸ್ವಲ್ಪವೇ ಸವೆಸಿ.

ಕೊನೆಯ ಪರೀಕ್ಷೆ: ಗಾಳಿರಂಧ್ರವನ್ನು ಬೆರಳಿಂದ ಮುಚ್ಚಿ ಪಿಸ್ಟನ್ನನ್ನು ಮುಂದಕ್ಕೆ ತಳ್ಳಿ ಬಿಡಿ. ಗಾಳಿಗೆ ಪುಟಿದು ಹಿಂದೆ ಬಂದರೆ ಸೀಲ್ ಚೆನ್ನಾಗಿದೆ. ಮೆಲ್ಲಗೆ ಕುಸಿದು ತಳ ಸೇರಿದರೆ ಇನ್ನೂ ಸೋರುತ್ತಿದೆ.

9. ಎಣ್ಣೆ, ಗ್ರೀಸು

ಕಡಲೆಕಾಳಿನಷ್ಟು ಮಾಲಿ ಪೇಸ್ಟನ್ನು ಪಿಸ್ಟನ್ನಿನ ಹಿಂಬದಿಯ ಹೊರಮೈಗೆ ತಿಕ್ಕಿ ಕಪ್ಪು ಕಲೆ ಮಾತ್ರ ಉಳಿಯುವಂತೆ ಒರೆಸಿ. ವಾಷರ್ ಅಂಚಿಗೆ ಅದರ ಕಾಲುಭಾಗ, ವಾಷರ್ ಮುಖಕ್ಕೆ ಏನೂ ಬೇಡ. ಸ್ಪ್ರಿಂಗ್ ಮತ್ತು ಕೊಳವೆಗೆ ತೆಳುವಾಗಿ, ಎಳೆಯುವ ಸರಳಿನ ಕೀಲಿಗೆ ಒಂದು ಚುಕ್ಕೆ.

ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಎಂಜಿನ್ ಆಯಿಲ್, ಡಬ್ಲ್ಯುಡಿ-40 ಯಾವುದೂ ಗಾಳಿರಂಧ್ರದ ಹತ್ತಿರ ಸುಳಿಯಬಾರದು. ಪಿಸ್ಟನ್ ಗಾಳಿಯನ್ನು ಕ್ಷಣಾರ್ಧದಲ್ಲಿ ಅಮುಕಿದಾಗ ಹುಟ್ಟುವ ಬಿಸಿಗೆ ಇವು ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಹೊತ್ತಿಕೊಳ್ಳುತ್ತವೆ. ಆ ಸ್ಫೋಟ ಪಿಸ್ಟನ್ನನ್ನು ಹಿಂದಕ್ಕೆ ಎಸೆದು ಸ್ಪ್ರಿಂಗ್ ಮುರಿಯುತ್ತದೆ. ಸಿಲಿಕೋನ್ ಎಣ್ಣೆ ಸುಲಭಕ್ಕೆ ಹೊತ್ತುವುದಿಲ್ಲ, ಚರ್ಮದ ವಾಷರಿಗೆ ಅಪರೂಪಕ್ಕೆ ಒಂದು ಹನಿ ಬಿಡಬಹುದು. ಉಕ್ಕಿಗೆ ಉಕ್ಕು ಉಜ್ಜುವ ಕಡೆ ಮಾತ್ರ ಅದು ಕೆಲಸಕ್ಕೆ ಬಾರದು.

10. ಟ್ರಿಗರ್

ಟ್ರಿಗರನ್ನು ತೊಳೆದು, ಕೊಕ್ಕೆಗಳು ತಾಗುವ ಮುಖಕ್ಕೆ ಸೂಜಿಮೊನೆಯಷ್ಟು ಪೇಸ್ಟ್ ಹಚ್ಚಿ. ಅಲ್ಲಿಗೆ ಮುಗಿಯಿತು. ಹಗುರ ಮಾಡಲು ಅರ ಹಾಕಬೇಡಿ. ಆ ಮುಖಗಳ ಮೇಲ್ಪದರವಷ್ಟೇ ಗಟ್ಟಿ, ಅದು ಹೋದರೆ ಮೆತ್ತನೆ ಉಕ್ಕು ಬೇಗ ಸವೆದು ಒಂದು ದಿನ ಬ್ಯಾರೆಲ್ ಮುಚ್ಚುವಾಗಲೇ ತಂತಾನೇ ಹಾರುತ್ತದೆ. ಸ್ಕ್ರೂ ಇದ್ದರೆ ಅದರಿಂದಷ್ಟೇ ಹೊಂದಿಸಿ.

11. ಜೋಡಣೆ ಮತ್ತು ಮೊದಲ ಹೊಡೆತಗಳು

ವಾಷರ್ ಸಿಲಿಂಡರಿನ ಸೀಳನ್ನು ದಾಟುವಾಗ ಹಳೆ ಎಟಿಎಂ ಕಾರ್ಡಿನ ತುಂಡಿನಿಂದ ಅಂಚನ್ನು ಒಳಗೆ ಒತ್ತುತ್ತಾ ಪಿಸ್ಟನ್ ತಿರುವಿ ತಿರುವಿ ಇಳಿಸಿ. ಚೂಪಾದ ಸ್ಕ್ರೂಡ್ರೈವರ್ ಬೇಡ. ಕ್ಲ್ಯಾಂಪಿನಲ್ಲಿ ಒತ್ತುವಾಗ ಬರೆದಿಟ್ಟ ಅಳತೆಗಿಂತ ಬಹಳ ಮೊದಲೇ ಗಟ್ಟಿಯಾದರೆ ನಿಲ್ಲಿಸಿ, ಏನೋ ಓರೆಯಾಗಿ ಕೂತಿದೆ.

ಜೋಡಿಸಿದ ಮೇಲೆ ಸ್ಟಾಕ್ ಹಾಕಿಯೇ ಎಳೆಯಿರಿ. ಪೆಲೆಟ್ ಹಾಕಿ, ಮೂತಿ ಹಿಂಗೋಡೆಗೆ ಇಟ್ಟು, ಟ್ರಿಗರ್ ಮುಟ್ಟದೆ ಸ್ಟಾಕಿನ ಹಿಂಬದಿಯನ್ನು ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ಎರಡು ಸಲ ತಟ್ಟಿ. ತಾನಾಗಿ ಹಾರಿದರೆ ಕೋವಿ ಬಳಕೆಗೆ ಯೋಗ್ಯವಲ್ಲ, ಟ್ರಿಗರನ್ನು ತಿಳಿದವರ ಕೈಗೆ ಕೊಡಿ.

ಮೊದಲ ಹತ್ತಿಪ್ಪತ್ತು ಹೊಡೆತದಲ್ಲಿ ಎಳೆ ಹೊಗೆ, ಏರಿಳಿತ ಇರುತ್ತದೆ. ಐವತ್ತರ ನಂತರವೂ ಸುಟ್ಟ ವಾಸನೆ ಬಿಡದಿದ್ದರೆ ಪೇಸ್ಟ್ ಹೆಚ್ಚಾಗಿದೆ, ಬಿಚ್ಚಿ ಒರೆಸುವುದೊಂದೇ ದಾರಿ. ನೂರಾದ ಮೇಲೆ ಮತ್ತೆ ಹತ್ತು ಹೊಡೆತದ ವೇಗ ಬರೆದು ಹಳೆಯದರ ಜತೆ ಹೋಲಿಸಿ, 20 ಜೂಲ್ ದಾಟಿಲ್ಲ ಎಂದು ಲೆಕ್ಕ ಹಾಕಿ, ಸ್ಟಾಕ್ ಸ್ಕ್ರೂಗಳನ್ನು ಇನ್ನೊಮ್ಮೆ ನೋಡಿ. 10 ಮೀಟರಿನಲ್ಲಿ ಐದು ಹೊಡೆತ ಒಂದು ರೂಪಾಯಿ ನಾಣ್ಯದಡಿ ಮುಚ್ಚಿದರೆ ಮತ್ತೇನೂ ಮುಟ್ಟಬೇಡಿ.

12. ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋವಿಯನ್ನು ಸ್ಪಂಜಿನ ಪೆಟ್ಟಿಗೆ, ರೆಕ್ಸಿನ್ ಚೀಲ, ಕಂಬಳಿ ಯಾವುದರಲ್ಲೂ ಸುತ್ತಿಡಬೇಡಿ. ಎಲ್ಲವೂ ತೇವ ಹಿಡಿದು ಲೋಹಕ್ಕೆ ಒತ್ತುತ್ತವೆ. ವಾರದಲ್ಲಿ ನೀಲಿ ಪಾಲಿಶಿನ ಮೇಲೆ ಕಂದು ಚುಕ್ಕೆ ಏಳುತ್ತದೆ. ಬೀಗ ಹಾಕುವ ಕಪಾಟಿನಲ್ಲಿ ಗೋಡೆಗೆ ತಾಗದಂತೆ ನಿಲ್ಲಿಸಿ, ಕೆಳಗೊಂದು 15 ವಾಟಿನ ಹಳೆಯ ಬಗೆಯ ತಂತಿ ಬಲ್ಬು ಬಟ್ಟೆ-ಮರಕ್ಕೆ ತಾಗದ ಹಾಗೆ ಉರಿಯಲಿ. ಎಲ್ಇಡಿ ಬಲ್ಬಿಗೆ ಅಷ್ಟು ಬಿಸಿ ಇರುವುದಿಲ್ಲ. ಕರೆಂಟ್ ದಿನಗಟ್ಟಲೆ ಹೋಗುವ ಕಡೆ ಸಿಲಿಕಾ ಜೆಲ್ ಇಡಿ. ನೀಲಿಯದು ಗುಲಾಬಿಗೆ ತಿರುಗಿದಾಗ ಬೇರೆಯೇ ತಗಡಿನಲ್ಲಿ ಸಣ್ಣ ಉರಿಗೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆ ನೀಲಿ ಬಣ್ಣ ವಿಷ, ಅಡುಗೆ ಪಾತ್ರೆ ಮುಟ್ಟಿಸಬೇಡಿ.

ಮುಟ್ಟಿದಾಗಲೆಲ್ಲ ಹೊರಲೋಹವನ್ನು ಎಣ್ಣೆ ಪಸೆಯ ಬಟ್ಟೆಯಿಂದ ಒರೆಸಿ. ಬೆವರಿನ ಉಪ್ಪೇ ಮೊದಲ ತುಕ್ಕು. ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಹೆಚ್ಚಾದ ಎಣ್ಣೆ ಸಿಲಿಂಡರಿಗೆ ಇಳಿಯುವುದಿಲ್ಲ. ತಿಂಗಳಿಗೊಮ್ಮೆ ತೆಗೆದು ಒಂದು ಒಣಬಟ್ಟೆ ಬ್ಯಾರೆಲ್‌ನಲ್ಲಿ ಎಳೆಯಿರಿ, ಕೆಂಪು ಪುಡಿ ಬಂದರೆ ಅದೇ ದಿನ ಪೆಲೆಟ್ ಬಾಯಿಯಿಂದ ಮೂತಿಗೆ ಎಣ್ಣೆ ಪಸೆಯ ಬಟ್ಟೆ ಎಳೆದು, ಮುಂದಿನ ಸಲ ಹೊಡೆಯುವ ಮೊದಲು ಎರಡು ಒಣಬಟ್ಟೆಯಿಂದ ಆ ಎಣ್ಣೆಯನ್ನು ಪೂರ್ತಿ ತೆಗೆಯಿರಿ.